ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಜೀವನವೂ ನಮ್ಮ ಸೀಮೆಯ ಸೂಜಿಯ ಕೆಲಸವೂ

ನಮ್ಮ ಬೆಳಗಾವಿ ಸೀಮೆಯ ಹಳೆಯ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿ ಮಡಿಚಿಟ್ಟ ಕಸೂತಿಯ ಸೀರೆಯೊಂದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದರ ಸೆರಗಿನ ಮೇಲೆ ಗೋಪುರವುಂಟು, ತುಳಸಿಯ ಕಟ್ಟೆಯುಂಟು, ತೇರು, ಅಂಬಾರಿಯ ಆನೆ, ನವಿಲು, ತೊಟ್ಟಿಲು ಇವೆಲ್ಲವೂ ಉಂಟು. ಆದರೆ ಅದನ್ನು ಹೊಲಿದವಳ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಚಿತ್ರಕಾರನು ತಾನು ಬರೆದ ಪಟದ ಮೂಲೆಯಲ್ಲಿ ತನ್ನ ಹೆಸರನ್ನು ಬರೆಯುವನು. ಗ್ರಂಥಕರ್ತನು ಮೊದಲನೆಯ ಪುಟದಲ್ಲಿಯೇ ಬರೆಯುವನು. ಸೂಜಿಯಿಂದ ಬರೆದವಳಿಗೆ ಮಾತ್ರ ಆ ರೂಢಿಯಿಲ್ಲವಾಯಿತು. ಪುರುಷರು ಮಾಡಿದ್ದು ಕಲೆ, ಹೆಂಗಸರು ಮನೆಯ ಮೂಲೆಯಲ್ಲಿ ಕುಳಿತು ಮಾಡಿದ್ದು ಕೈಗೆಲಸ ಎಂಬ ಭೇದವು ಬಹುಕಾಲ ನಡೆದುಬಂದಿತು. ಈ ಭೇದವನ್ನು ತೊಡೆದುಹಾಕಲು ತಮ್ಮ ಜೀವಮಾನದ ಉತ್ತರಾರ್ಧವನ್ನೆಲ್ಲ ಕೊಟ್ಟವರು ಕನ್ನಡ ಕರಾವಳಿಯಲ್ಲಿ ಹುಟ್ಟಿದ ಒಬ್ಬ ಮಹಿಳೆ. ಅವರೇ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ಹೆಣ್ಣುಮಕ್ಕಳ ಪಾಠಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಚರಿತ್ರೆಗೆ ತೊಡಗುವ ಮೊದಲು ಕಸೂತಿಯ ರೀತಿಯನ್ನು ತಿಳಿದಿರುವುದು ಅವಶ್ಯ. ಇದರಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿಯು ಗೆರೆಯಂತೆ ಸಾಗುವುದು. ಮುರ್ಗಿಯು ಮೆಟ್ಟಿಲುಗಳಂತೆ ಅಂಕುಡೊಂಕಾಗಿ ನಡೆಯುವುದು. ನೇಯ್ಗೆಯು ಮಗ್ಗದ ಕೆಲಸವನ್ನೇ ಹೋಲುವುದು. ಮೆಂತೆಯು ಮೆಂತೆಯ ಕಾಳು ಚೆಲ್ಲಿದಂತೆ ಅಡ್ಡಹೊಲಿಗೆಯಿಂದ ಬಟ್ಟೆಯನ್ನು ತುಂಬುವುದು. ಕಸೂತಿ ಮಾಡುವವಳು ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿಯನ್ನು ಊರುವಳು. ದಾರಕ್ಕೆ ಗಂಟು ಹಾಕುವುದೂ ಇಲ್ಲ. ಗವಂತಿಯಲ್ಲಿ ಸೂಜಿಯು ಒಂದು ಎಡೆ ಬಿಟ್ಟು ಒಂದು ಎಡೆ ಹೊಲಿಯುತ್ತ ಮುಂದೆ ಹೋಗಿ, ಬಿಟ್ಟ ಎಡೆಗಳನ್ನು ತುಂಬುತ್ತ ಹೊರಟ ಸ್ಥಳಕ್ಕೆ ಮರಳಿ ಬರುವುದು. ಆದುದರಿಂದ ಹೊರಡುವಾಗಲೇ ಹಿಂದಿರುಗುವ ದಾರಿಯನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರಬೇಕು. ಹೀಗೆ ಮಾಡಿದ ಕೆಲಸವು ಬಟ್ಟೆಯ ಮೇಲ್ಮೈಯಲ್ಲಿಯೂ ಒಳಮೈಯಲ್ಲಿಯೂ ಒಂದೇ ಸಮನಾಗಿ ಕಾಣುವುದು. ಲೆಕ್ಕ, ನೆನಪು, ರೂಪಜ್ಞಾನ ಈ ಮೂರೂ ಕೂಡಿದ ಹೊರತು ಈ ವಿದ್ಯೆಯು ಕೈವಶವಾಗದು. ಇಷ್ಟಾದರೂ ಇದಕ್ಕೆ ವಿದ್ಯೆಯೆಂಬ ಹೆಸರು ಬಹುಕಾಲ ಬರಲಿಲ್ಲ.

ಕಮಲಾದೇವಿಯವರು ೧೯೦೩ನೆಯ ಇಸವಿ ಏಪ್ರಿಲ್ ೩ರಂದು ಮಂಗಳೂರಿನಲ್ಲಿ ಧಾರೇಶ್ವರ ಮನೆತನದಲ್ಲಿ ಜನಿಸಿದರು. ತಂದೆ ಅನಂತಯ್ಯನವರು ಸರಕಾರದಲ್ಲಿ ಉನ್ನತ ಅಧಿಕಾರದಲ್ಲಿದ್ದವರು. ತಾಯಿ ಗಿರಿಜಾಬಾಯಿಯವರು ಓದಿನಲ್ಲಿ ಆಸಕ್ತಿಯುಳ್ಳ ದೃಢಚಿತ್ತದ ಹೆಂಗಸು. ಮಗುವಿಗೆ ಏಳು ವರ್ಷವಾಗಿದ್ದಾಗ ತಂದೆಯು ಮರಣಪತ್ರವನ್ನು ಬರೆಯದೆ ತೀರಿಕೊಂಡರು. ಆಗಿನ ಕಾಯಿದೆಯ ಮೇರೆಗೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿಗಾಗಲಿ ಹೆಣ್ಣುಮಕ್ಕಳಿಗಾಗಲಿ ಹಕ್ಕಿನಿಂದ ಬರತಕ್ಕದ್ದು ಏನೂ ಇರಲಿಲ್ಲ. ತಿಂಗಳ ಜೀವನಾಂಶವನ್ನು ಕೊಡುವೆವೆಂದು ಹೇಳಿದಾಗ ಗಿರಿಜಾಬಾಯಿಯವರು ಅದನ್ನು ಒಲ್ಲದೆ, ತವರಿನಿಂದ ತಂದ ತಮ್ಮ ಸ್ವಂತ ಧನದಿಂದಲೇ ಮಕ್ಕಳನ್ನು ಸಾಕಲು ನಿಶ್ಚಯಿಸಿದರು. ತಾನು ಬಾಳಿ ಬೆಳಗಿಸಿದ ಮನೆಯು ತನ್ನದಲ್ಲವೆಂದು ಹೆಂಗಸಿಗೆ ಹೇಳುವ ಲೋಕದ ನ್ಯಾಯವನ್ನು ಆ ಬಾಲಿಕೆಯು ಏಳನೆಯ ವಯಸ್ಸಿನಲ್ಲಿಯೇ ಕಣ್ಣಾರೆ ಕಂಡಳು. ಮುಂದೆ ಅವರು ಮಾಡಿದ ಕೆಲಸವೆಲ್ಲದರ ಬೇರು ಇಲ್ಲಿಯೇ ಇರುವುದೆಂದು ನಮಗೆ ತೋರುತ್ತದೆ.

ಆ ಕಾಲದ ವಾಡಿಕೆಯಂತೆ ೧೪ನೆಯ ವಯಸ್ಸಿನಲ್ಲಿ ಅವರಿಗೆ ವಿವಾಹವಾಯಿತು. ಸ್ವಲ್ಪ ಕಾಲದಲ್ಲಿಯೇ ವೈಧವ್ಯವೂ ಪ್ರಾಪ್ತವಾಯಿತು. ಅಂಥ ಬಾಲೆಯು ಮನೆಯ ಕತ್ತಲೆಯಲ್ಲಿ ಕುಳಿತಿರಬೇಕೆಂಬುದು ಆಗಿನ ಸಮಾಜದ ಮತ. ತಾಯಿಯಾದರೋ ಅದಕ್ಕೆ ಕಿವಿಗೊಡದೆ ಮಗಳನ್ನು ವಿದ್ಯಾಭ್ಯಾಸಕ್ಕೆ ಹಚ್ಚಿದರು. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದುವಾಗ ಶ್ರೀಮತಿ ಸರೋಜಿನಿ ನಾಯ್ಡು ಅವರ ತಂಗಿಯ ಸ್ನೇಹವಾಗಿ, ಆ ಮೂಲಕ ಅವರ ಸಹೋದರರಾದ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ವಿಧವೆಯು ಮರುಮದುವೆಯಾಗುವುದೂ ಬೇರೆ ಪ್ರಾಂತದವರನ್ನು ವರಿಸುವುದೂ ಅಪರೂಪವಾಗಿದ್ದ ಆ ದಿನಗಳಲ್ಲಿ ಅವರಿಬ್ಬರೂ ವಿವಾಹವಾದರು. ತರುವಾಯ ಕಮಲಾದೇವಿಯವರು ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸ್ವದೇಶದಲ್ಲಿ ನಡೆದಿದ್ದ ಅಸಹಕಾರ ಚಳವಳಿಯ ಕರೆಯನ್ನು ಕೇಳಿ ಹಿಂದಿರುಗಿ ಬಂದು, ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ೧೯೨೩ರಲ್ಲಿ ಸ್ಥಾಪಿಸಿದ ಸೇವಾದಳವನ್ನು ಸೇರಿದರು. ಆ ದಳದ ಮಹಿಳಾ ವಿಭಾಗವು ಅವರ ವಶಕ್ಕೆ ಬಂದಿತು.

ನಮ್ಮ ಬೆಳಗಾವಿಗೆ ಅವರ ಸಂಬಂಧವು ಇಲ್ಲಿಂದ ಮೊದಲಾಗುತ್ತದೆ. ೧೯೨೪ನೆಯ ಇಸವಿ ಡಿಸೆಂಬರ ೨೬ ಮತ್ತು ೨೭ರಂದು ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನವು ನೆರೆಯಿತು. ಗಾಂಧಿಯವರು ಅಧ್ಯಕ್ಷರಾದ ಅಧಿವೇಶನವು ಅದೊಂದೇ. ಆ ಮಹಾಸಭೆಯ ವ್ಯವಸ್ಥೆಗೆಂದು ಶ್ರೀಮತಿ ಉಮಾಬಾಯಿ ಕುಂದಾಪುರ ಅವರು ಊರೂರು ತಿರುಗಿ ೧೫೦ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿ ತಂದಿದ್ದರು. ಮನೆಯ ಹೊಸ್ತಿಲು ದಾಟಿ ಅರಿಯದ ಹೆಂಗಸರು ಬೆಳಗಾವಿಯ ಬಯಲಿನಲ್ಲಿ ಸಾವಿರಾರು ಜನರ ನಡುವೆ ನಿಂತು ಕೆಲಸ ಮಾಡಿದ್ದು ಕರ್ನಾಟಕಕ್ಕೆ ಹೊಸ ನೋಟವಾಗಿತ್ತು. ಕಮಲಾದೇವಿಯವರಿಗೂ ಉಮಾಬಾಯಿಯವರಿಗೂ ಇಲ್ಲಿ ಬೆಳೆದ ಸ್ನೇಹವು ಜೀವಮಾನವಿಡೀ ಉಳಿಯಿತು. ಎಳೆವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡ ಇಬ್ಬರೂ ಆ ದುಃಖವನ್ನು ಮನೆಯೊಳಗೆ ಬಚ್ಚಿಡದೆ ಲೋಕಸೇವೆಗೆ ತಿರುಗಿಸಿದವರು.

ಈ ಅಧಿವೇಶನದಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಕಾಂಗ್ರೆಸ್ಸಿನ ಸದಸ್ಯರಾಗಬಯಸುವವರು ಚಂದಾ ಹಣಕ್ಕೆ ಬದಲಾಗಿ ತಿಂಗಳಿಗೆ ೨೦೦೦ ಗಜ ನೂಲನ್ನು ಕೊಡಬೇಕೆಂಬ ನಿಯಮವು ಬೆಳಗಾವಿಯಲ್ಲಿ ಅಂಗೀಕಾರವಾಯಿತು. ಆ ನಿಯಮವು ಬಹುಕಾಲ ಬಾಳಲಿಲ್ಲವೆಂಬುದು ನಿಜ. ಆದರೂ ದೇಶದ ಕಾರ್ಯದಲ್ಲಿ ಪಾಲುಗೊಳ್ಳುವುದಕ್ಕೆ ಕೈಯಿಂದ ತೆಗೆದ ಎಳೆಯೇ ಶುಲ್ಕವೆಂದು ಒಂದು ಮಹಾಸಭೆಯು ಗೊತ್ತುಮಾಡಿದ್ದು ಸಾಮಾನ್ಯ ಮಾತಲ್ಲ. ಹೆಂಗಸರು ತಮ್ಮ ಮನೆಗಳಲ್ಲಿ ಹಿಡಿದ ನೂಲಿಗೆ ರಾಜ್ಯದ ಸಭೆಯಲ್ಲಿ ಬೆಲೆಯುಂಟೆಂಬ ವಿಚಾರವು ಈ ಊರಿನಲ್ಲಿಯೇ ನಿಯಮದ ರೂಪವನ್ನು ತಾಳಿತು. ಕಮಲಾದೇವಿಯವರ ಮುಂದಿನ ಜೀವನವು ಇದೇ ವಿಚಾರದ ವಿಸ್ತಾರವೆಂದು ಹೇಳಬಹುದು.

ತರುವಾಯದ ಹತ್ತಿಪ್ಪತ್ತು ವರ್ಷಗಳು ರಾಜಕಾರಣದಲ್ಲಿ ಕಳೆದವು. ೧೯೨೬ರಲ್ಲಿ ಅವರು ಮದರಾಸು ಶಾಸನಸಭೆಗೆ ಮಂಗಳೂರಿನಿಂದ ಉಮೇದುವಾರರಾಗಿ ನಿಂತು ಅತಿ ಕಡಿಮೆ ಮತಗಳ ಅಂತರದಿಂದ ಸೋತರು. ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆಯೆಂಬ ಕೀರ್ತಿಯು ಅವರಿಗೆ ಸಂದಿತು. ೧೯೨೭ರಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಪರಿಷತ್ತಿಗೆ ಅವರು ಕಾರ್ಯದರ್ಶಿಗಳಾಗಿ ದುಡಿದರು. ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಪಾಲು ಬೇಕೆಂದು ಗಾಂಧಿಯವರಲ್ಲಿ ಪಟ್ಟುಹಿಡಿದು, ಒಪ್ಪಿಗೆಯನ್ನು ಪಡೆದು, ಮುಂಬಯಿಯ ಸಮುದ್ರತೀರದಲ್ಲಿ ಉಪ್ಪು ಮಾಡಿ, ಅದನ್ನು ಪೊಟ್ಟಣ ಕಟ್ಟಿ ಷೇರು ಪೇಟೆಯಲ್ಲಿ ಮಾರಹೋಗಿ ಸೆರೆಮನೆಯನ್ನು ಸೇರಿದರು. ಸೆರೆವಾಸವು ಅದೊಂದೇ ಸಲಕ್ಕೆ ಮುಗಿಯಲಿಲ್ಲ. ೧೯೩೧ರಲ್ಲಿ ಮೃಚ್ಛಕಟಿಕವೆಂಬ ಮೂಕಚಿತ್ರದಲ್ಲಿಯೂ ಅವರು ನಟಿಸಿದರು. ಮರ್ಯಾದಸ್ಥ ಮನೆತನದ ಹೆಂಗಸರು ಚಲಚ್ಚಿತ್ರವೆಂದರೆ ಹಿಂಜರಿಯುತ್ತಿದ್ದ ಕಾಲವದು. ೧೯೩೬ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷಕ್ಕೆ ಅಧ್ಯಕ್ಷರಾದರು. ಈ ನಡುವೆ ಹರೀಂದ್ರನಾಥರೊಡನೆ ದಾಂಪತ್ಯವು ಮುರಿದು ಅವರು ಒಂಟಿಯಾಗಿಯೇ ಮುಂದೆ ನಡೆಯಬೇಕಾಯಿತು. ಮಹಾಯುದ್ಧವು ಆರಂಭವಾದ ದಿನಗಳಲ್ಲಿ ಅಮೇರಿಕ ದೇಶದಲ್ಲಿ ಸಂಚರಿಸುತ್ತಿದ್ದಾಗ, ದಕ್ಷಿಣದ ಸಂಸ್ಥಾನಗಳ ರೈಲುಗಾಡಿಯಲ್ಲಿ ಬಿಳಿಯರಿಗೆಂದು ಮೀಸಲಾದ ಡಬ್ಬಿಯಿಂದ ಏಳಲು ಹೇಳಿದರೆ, ತಾವೂ ವರ್ಣೀಯರೇ ಎಂದು ತಿಳಿಸಿ ಅವರು ಕುಳಿತ ಸ್ಥಳವನ್ನು ಬಿಟ್ಟು ಕದಲಲಿಲ್ಲ.

ಸ್ವಾತಂತ್ರ್ಯವು ಬಂದ ಮೇಲೆ ಅವರ ಜೀವನದ ದಾರಿಯು ತಿರುಗಿತು. ಸಂಗಡಿಗರಲ್ಲಿ ಅನೇಕರು ಅಧಿಕಾರದ ಪೀಠಗಳನ್ನೇರಿದರು; ಇವರು ನಿರಾಶ್ರಿತರ ಶಿಬಿರಗಳಿಗೆ ಹೋದರು. ದೇಶವಿಭಜನೆಯಿಂದ ಮನೆಮಾರು ಕಳೆದುಕೊಂಡು ಬಂದ ಸಾವಿರಾರು ಜನರಿಗೆ ದಾನಕ್ಕಿಂತ ದುಡಿಮೆಯೇ ಮಾನವನ್ನು ಉಳಿಸುವುದೆಂದು ತಿಳಿದು, ೧೯೪೮ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಕಟ್ಟಿದರು. ದಿಲ್ಲಿಯ ಬಳಿಯ ಫರೀದಾಬಾದಿನಲ್ಲಿ ಹೊಸ ಪಟ್ಟಣವೇ ಎದ್ದಿತು. ಈ ಕೆಲಸದಲ್ಲಿ ಅವರು ಕಂಡುಕೊಂಡ ಸತ್ಯವೊಂದುಂಟು. ಎಲ್ಲವನ್ನೂ ಕಳೆದುಕೊಂಡ ಹೆಂಗಸಿನ ಬಳಿಯಲ್ಲಿಯೂ ಯಾರೂ ಕಸಿದುಕೊಳ್ಳಲಾರದ ಒಂದು ಆಸ್ತಿಯು ಉಳಿದಿರುವುದು. ಅದೇ ಕೈಯ ಕುಶಲತೆ. ತಾಯಿಯ ಮನೆಯಲ್ಲಿ ಕಾಯಿದೆಯು ಕೊಡದೆಹೋದ ಆಸ್ತಿಯನ್ನು ಮಗಳು ಇಲ್ಲಿ ಬೇರೆಯ ರೂಪದಲ್ಲಿ ಕಂಡಳೆಂದು ಹೇಳಿದರೆ ತಪ್ಪಾಗಲಾರದು.

೧೯೫೨ರಲ್ಲಿ ಭಾರತ ಸರಕಾರವು ಅಖಿಲ ಭಾರತ ಕರಕುಶಲ ಮಂಡಲಿಯನ್ನು ಸ್ಥಾಪಿಸಿತು. ಅದರ ಅಧ್ಯಕ್ಷತೆಯನ್ನು ಕಮಲಾದೇವಿಯವರು ಸುಮಾರು ಇಪ್ಪತ್ತು ವರ್ಷ ವಹಿಸಿದರು. ಆಗ ದೇಶದ ಕೈಕಸಬುಗಳ ಸ್ಥಿತಿಯು ಶೋಚನೀಯವಾಗಿತ್ತು. ಗಿರಣಿಯ ಬಟ್ಟೆಯು ಅಗ್ಗವಾಗಿ ಬಂದು ಮನೆಮನೆಗೂ ಹೊಕ್ಕಿತ್ತು. ಹಳೆಯ ಆಶ್ರಯದಾತರಾದ ಸಂಸ್ಥಾನಿಕರು ಇಲ್ಲವಾಗಿದ್ದರು. ಉಳಿದ ಕುಶಲಿಗರ ಮಕ್ಕಳು ಬೇರೆ ಕೂಲಿಯನ್ನು ಅರಸಿ ಹೊರಟಿದ್ದರು. ಕಮಲಾದೇವಿಯವರು ಕಚೇರಿಯ ಕುರ್ಚಿಯಲ್ಲಿ ಕೂಡದೆ ಹಳ್ಳಿಹಳ್ಳಿಗೂ ತಿರುಗಿ ಮುದುಕರಾದ ಗುರುಗಳನ್ನು ಹುಡುಕಿದರು. ಅವರ ಕೈಕೆಳಗೆ ಶಿಷ್ಯರನ್ನಿಟ್ಟು ವೇತನ ಕೊಡುವ ಕ್ರಮವನ್ನು ನಡಿಸಿದರು. ದಿಲ್ಲಿಯ ಕೇಂದ್ರ ಗುಡಿಕೈಗಾರಿಕಾ ಮಳಿಗೆಯ ಮೂಲಕ ಮಾರಾಟದ ದಾರಿಯನ್ನು ತೆರೆದರು. ಬೆಂಗಳೂರು ಮೊದಲಾದ ನಗರಗಳಲ್ಲಿ ವಿನ್ಯಾಸ ಕೇಂದ್ರಗಳು ತಲೆಯೆತ್ತಿದವು. ೧೯೬೪ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅದೇ ವರ್ಷ ಭಾರತದಲ್ಲಿಯೂ ಕರಕುಶಲ ಪರಿಷತ್ತು ಆರಂಭವಾಯಿತು.

ಇವೆಲ್ಲಕ್ಕಿಂತಲೂ ನಾವು ಹೆಚ್ಚಾಗಿ ನೆನೆಯಬೇಕಾದ ಕಾರ್ಯವು ಇನ್ನೊಂದು. ೧೯೬೫ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿಯನ್ನು ಕೊಡುವ ಪದ್ಧತಿಯು ನಡೆಯಿತು. ಕುಂಬಾರ, ಬಡಗಿ, ಕಂಚುಗಾರರೊಂದಿಗೆ ಸೂಜಿಯ ಕೆಲಸದವರೂ ಹೆಸರು ಹಿಡಿದು ಕರೆಯಲ್ಪಟ್ಟು ರಾಷ್ಟ್ರದ ಸನ್ಮಾನವನ್ನು ಪಡೆಯುವಂತಾಯಿತು. ಶತಮಾನಗಳಿಂದ ಹೆಸರಿಲ್ಲದ ಕೈಗೆ ಒಂದು ಹೆಸರು ಬಂದಿತು. ಕಮಲಾದೇವಿಯವರು ಇಂಗ್ಲಿಷಿನಲ್ಲಿ ಬರೆದ ಗ್ರಂಥಗಳಲ್ಲಿ ಭಾರತದ ಸೂಜಿಯ ಕೆಲಸಕ್ಕಾಗಿಯೇ ಮೀಸಲಾದದ್ದೂ ಒಂದುಂಟು. ಬಂಗಾಲದ ಕಾಂಥಾ, ಲಖನೌದ ಚಿಕನ್, ಪಂಜಾಬದ ಫುಲ್ಕಾರಿ ಇವುಗಳ ಸಾಲಿನಲ್ಲಿ ನಮ್ಮ ಕಸೂತಿಯೂ ಭಾರತದ ಕಲೆಯಾಗಿ ಗಣನೆಗೆ ಬಂದಿತು. ಬಳಕೆಯ ವಸ್ತುವು ಬೇರೆ, ಕಲೆಯ ವಸ್ತುವು ಬೇರೆ ಎಂಬ ವಿಭಾಗವು ನಮ್ಮ ದೇಶದ ಪರಂಪರೆಗೆ ಸಲ್ಲದ್ದೆಂಬುದು ಅವರ ದೃಢಮತವಾಗಿತ್ತು. ಆದರೆ ಅಷ್ಟೇ ದೃಢವಾಗಿ ಇನ್ನೊಂದನ್ನೂ ಅವರು ನಂಬಿದ್ದರು. ಹೊಲಿದವಳ ಹೊಟ್ಟೆ ತುಂಬದಿದ್ದರೆ ಕಲೆಯ ಹೊಗಳಿಕೆಯು ಬರಿಯ ಮಾತು. ೧೯೫೫ರಲ್ಲಿ ಪದ್ಮಭೂಷಣ, ೧೯೬೬ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, ೧೯೮೭ರಲ್ಲಿ ಪದ್ಮವಿಭೂಷಣಗಳು ಅವರಿಗೆ ದೊರೆತವು. ೧೯೮೮ನೆಯ ಇಸವಿ ಅಕ್ಟೋಬರ ೨೯ರಂದು ಮುಂಬಯಿಯಲ್ಲಿ ೮೫ನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಅವರು ಬಿತ್ತಿದ್ದು ಈಗ ಹೇಗೆ ಬೆಳೆದಿದೆ ಎಂಬುದನ್ನೂ ನಾವು ವಿಚಾರಿಸಬೇಕು. ಇಂದಿನ ಭಾರತದ ಚಿತ್ರಕಲೆಯಲ್ಲಿ ಸೂಜಿಯ ಕೆಲಸಕ್ಕೆ ಗೌರವದ ಸ್ಥಾನವು ದೊರೆತಿದೆ. ಹೆಸರಾಂತ ಚಿತ್ರಕರ್ತ್ರಿಯಾದ ಅರ್ಪಿತಾ ಸಿಂಗ್ ಅವರು ಮೊದಲು ಸರಕಾರದ ನೇಕಾರರ ಸೇವಾಕೇಂದ್ರದಲ್ಲಿ ದುಡಿದವರು. ಅವರ ಪಟಗಳಲ್ಲಿ ಕಾಂಥಾ ಹೊಲಿಗೆಯ ಛಾಯೆಯನ್ನು ಬಲ್ಲವರು ಗುರುತಿಸುತ್ತಾರೆ. ೨೦೨೨ರಲ್ಲಿ ಪ್ಯಾರಿಸ್ ನಗರದ ರೋದ್ಯಾ ವಸ್ತುಸಂಗ್ರಹಾಲಯದಲ್ಲಿ ಮಾಧವಿ ಪಾರೇಖ ಮತ್ತು ಮನು ಪಾರೇಖ ದಂಪತಿಗಳ ಚಿತ್ರಗಳನ್ನು ಮುಂಬಯಿಯ ಕುಶಲಕರ್ಮಿಗಳು ದೊಡ್ಡ ದೊಡ್ಡ ಪರದೆಗಳ ಮೇಲೆ ಕೈಯಿಂದ ಹೊಲಿದು ತೂಗಹಾಕಿದಾಗ ಲೋಕವೇ ಬೆರಗಾಯಿತು. ಚಿತ್ರ ಬರೆದ ಇಬ್ಬರನ್ನು ಜನರು ಹೆಸರಿನಿಂದ ಅರಿತರು. ಹೊಲಿದ ನೂರಾರು ಜನರನ್ನು ಬಹುಮಟ್ಟಿಗೆ ಸಂಖ್ಯೆಯಿಂದಲೇ ಅರಿತರು. ಕಮಲಾದೇವಿಯವರು ಎತ್ತಿದ ಪ್ರಶ್ನೆಯು ಇನ್ನೂ ತೀರಿಲ್ಲವೆಂಬುದಕ್ಕೆ ಇಷ್ಟೇ ಸಾಕು.

ಅಷ್ಟು ದೂರ ಹೋಗುವುದೇತಕ್ಕೆ? ಬೆಳಗಾವಿಯ ದಕ್ಷಿಣಕ್ಕೆ, ಮಲಪ್ರಭೆಯು ಹುಟ್ಟಿ ಹರಿಯುವ ಖಾನಾಪುರ ತಾಲೂಕಿನ ಕಾಡಿನ ಊರುಗಳಲ್ಲಿ, ನೆರೆಯ ಹಳಿಯಾಳ ಯಲ್ಲಾಪುರಗಳಲ್ಲಿಯೂ ಇರುವಂತೆ, ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕ ಖಂಡದಿಂದ ಬಂದವರು. ಅನೇಕರು ಗುಲಾಮರಾಗಿ ತರಲ್ಪಟ್ಟವರು. ಈ ಜನಾಂಗದ ಹೆಂಗಸರು ಹಳೆಯ ಸೀರೆ ಕುಪ್ಪಸಗಳ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಜೋಡಿಸುತ್ತ, ಉದ್ದುದ್ದ ಹೊಲಿಗೆಯಿಂದ ಬಂಧಿಸುತ್ತ, ಕೌದಿಗಳನ್ನು ಮಾಡುವರು. ನಾಲ್ಕು ಮೂಲೆಗಳಲ್ಲಿಯೂ ಮುಕ್ಕೋಣದ ಹೂವುಗಳನ್ನು ಇಡಲೇಬೇಕು. ಹೂವಿಲ್ಲದ ಕೌದಿಯು ಬತ್ತಲೆಯೆಂಬುದು ಅವರ ಭಾವನೆ. ಚಳಿಗೆ ಹೊದೆಯಲೆಂದೂ ಮಕ್ಕಳನ್ನು ಮಲಗಿಸಲೆಂದೂ ಮಾಡಿದ ಸಿದ್ದಿ ಹೆಂಗಸರ ಇಂಥ ಕೌದಿಗಳು ೨೦೧೧ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಕಲಾಕೃತಿಗಳಾಗಿ ಗೋಡೆಯ ಮೇಲೆ ಶೋಭಿಸಿದವು. ತಾವೂ ವರ್ಣೀಯರೇ ಎಂದು ಅಮೇರಿಕದ ರೈಲಿನಲ್ಲಿ ಕುಳಿತವರು ಬದುಕಿದ್ದು ಇದನ್ನು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಅದೇ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗಗಳ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯು ನೆಲೆಗೊಂಡು ಹಳ್ಳಿಯ ಕುಂಬಾರರಿಗೆ ಶಿಕ್ಷಣ ಕೊಟ್ಟದ್ದನ್ನೂ ಇಲ್ಲಿ ನೆನೆಯಬೇಕು. ಮಣ್ಣಿಗೂ ನೂಲಿಗೂ ಕೈಯೇ ತಾಯಿ.

ಇನ್ನು ಬೆಳಗಾವಿಯ ಮಾತು. ಶಹಾಪುರ, ವಡಗಾವಿ, ಖಾಸಬಾಗಗಳ ಸೀರೆಯ ನೇಯ್ಗೆಯು ಹೆಸರುವಾಸಿಯಾದದ್ದು. ಕೈಮಗ್ಗದ ಸದ್ದು ಅಡಗಿ ಇಂದು ಅಲ್ಲಿ ವಿದ್ಯುತ್ತಿನ ಮಗ್ಗಗಳ ಸದ್ದೇ ಹೆಚ್ಚು. ಪೇಟೆಯಲ್ಲಿ ಕಸೂತಿಯೆಂದು ಮಾರುವ ಸೀರೆಗಳಲ್ಲಿ ಯಂತ್ರದಿಂದ ಹೊಲಿದವೂ ಅಚ್ಚು ಒತ್ತಿದವೂ ಇರುತ್ತವೆ. ಎಳೆ ಎಣಿಸಿ ವಾರಗಟ್ಟಲೆ ಕಣ್ಣು ಸವೆಸಿದ ಹೆಂಗಸು ಇವುಗಳ ಬೆಲೆಯೊಡನೆ ಸ್ಪರ್ಧಿಸಬೇಕಾಗಿದೆ. ಕೆಲಸದ ತುಂಡಿಗೆ ಇಷ್ಟೆಂದು ಕೂಲಿ ಪಡೆಯುವವಳಿಗೆ ಗೆಲ್ಲುವ ಬಗೆ ಯಾವುದು? ಕೊಳ್ಳುವವರ ವಿವೇಕವೊಂದೇ ಆಕೆಗೆ ದಿಕ್ಕು. ಗವಂತಿಯ ಹೊಲಿಗೆಯನ್ನು ಮಗುಚಿ ನೋಡಿದರೆ ನಿಜವು ತಾನಾಗಿ ತಿಳಿಯುವುದು. ಕೈಯ ಕೆಲಸವು ಒಳಗೂ ಹೊರಗೂ ಒಂದೇ. ಯಂತ್ರದ ಹೊಲಿಗೆಯ ಒಳಮೈ ಬೇರೆ. ಅಚ್ಚಿನ ಬಟ್ಟೆಯಲ್ಲಿಯಂತೂ ಹೊಲಿಗೆಯೇ ಇಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಕಮಲಾದೇವಿಯವರ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಬಹಳವುಂಟು. ಅದರಲ್ಲಿ ಒಂದನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಹೊಲಿಗೆಯ ತರಗತಿಯು ಲೆಕ್ಕದ ತರಗತಿಗಿಂತ ಕೀಳೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಕಸೂತಿಯಲ್ಲಿ ಲೆಕ್ಕವೂ ಉಂಟು. ಹೆಣ್ಣಿಗೆ ಸೂಜಿಯೊಂದೇ ಸಾಕೆಂದು ಹೇಳಿದರೂ ನಂಬಬೇಡಿರಿ. ಕಮಲಾದೇವಿಯವರು ಶಾಸನಸಭೆಯ ಬಾಗಿಲನ್ನು ತಟ್ಟಿದ ಮೇಲೆಯೇ ಸೂಜಿಯ ಪಕ್ಷವನ್ನು ಹಿಡಿದರು, ಎರಡನ್ನೂ ಬಿಡಲಿಲ್ಲ. ಕಸೂತಿಯ ಸೀರೆಯನ್ನೋ ಕೌದಿಯನ್ನೋ ಕೊಳ್ಳುವ ದಿನವು ನಿಮಗೆ ಬಂದಾಗ ಬೆಲೆಯನ್ನು ಇಳಿಸಲು ಚೌಕಾಸಿ ಮಾಡುವ ಮೊದಲು ಅದನ್ನು ಹೊಲಿದವಳು ಯಾರೆಂದು ಕೇಳಿರಿ. ಅಂಗಡಿಯವನು ಹೇಳಲಾರದಿದ್ದರೆ ಇನ್ನೊಮ್ಮೆ ಕೇಳಿರಿ. ನಿಮ್ಮ ಕೈಯಿಂದಲೇ ಒಂದು ಕೆಲಸವನ್ನು ಮುಗಿಸಿದಾಗ, ಸೆರಗಿನ ಒಂದು ಮೂಲೆಯಲ್ಲಿ, ಗೋಪುರದ ಕೆಳಗೆ, ನಾಲ್ಕು ಎಳೆಗಳನ್ನು ಎಣಿಸಿ ನಿಮ್ಮ ಹೆಸರಿನ ಮೊದಲ ಅಕ್ಷರವನ್ನೂ ಹೊಲಿಯಿರಿ.